ನಾದಿನಿ ತಳಿ

ನಮ್ಮತ್ತಿಗೆ ಹುಳದ ಮನೆಯ ಬಾಗಿಲು ತೆರೆದಿಟ್ಟು ಊಟಕ್ಕೆ ಹೋದರು ಎಂದು ಬರೆದಿದ್ದ ಕಾಗದಕ್ಕೆ ನಾನು ಸಹಿ ಹಾಕಿದೆ. ಅವರು ಬಾಗಿಲು ತೆರೆದಿಟ್ಟಿರಲಿಲ್ಲ. ಹದಿನೈದು ದಿನದಲ್ಲಿ ಅವರ ಕೆಲಸ ಹೋಯಿತು.

ಕೆಲಸ ಹೋದ ದಿನ ಅತ್ತಿಗೆ ಮನೆಗೆ ಬಂದು ಕೈಕಾಲು ತೊಳೆದು ಅಡುಗೆ ಮಾಡಿದರು. ಮೂವರಿಗೂ ತಟ್ಟೆ ಇಟ್ಟರು. ನನ್ನ ತಟ್ಟೆಗೂ ಬಡಿಸಿದರು. ಆಮೇಲೆ ಅಣ್ಣನ ಕಡೆ ತಿರುಗಿ, "ನಿಮ್ಮ ತಂಗಿಗೆ ಹೇಳಿ, ಉಪ್ಪು ಸಾಲ್ದಿದ್ರೆ ಹಾಕ್ಕೊಳ್ಲಿ" ಎಂದರು. ನಾನು ಅವರಿಂದ ಎರಡು ಮೊಳ ದೂರದಲ್ಲಿ ಕೂತಿದ್ದೆ. ಅಂದಿನಿಂದ ಮೂರು ವರ್ಷ ಅವರು ನನ್ನೊಂದಿಗೆ ನೇರವಾಗಿ ಒಂದು ಮಾತೂ ಆಡಲಿಲ್ಲ. ಮನೆಯಿಂದ ಹೊರಗೆ ಹಾಕಿದ್ದರೆ ಎಲ್ಲಾದರೂ ಹೋಗಿ ಬದುಕಿಕೊಳ್ಳುತ್ತಿದ್ದೆ. ಹಾಕಲಿಲ್ಲ. ದಿನಾ ಕಣ್ಣೆದುರು ಇಟ್ಟುಕೊಂಡು ಬೇಯಿಸಿದರು.

ಗಂಡನ ಮನೆ ಬಿಟ್ಟು ಬಂದ ನನ್ನನ್ನು ಕೀಟಕೇಂದ್ರದ ಕೆಲಸಕ್ಕೆ ಸೇರಿಸಿದವರು ಅವರೇ. ಅಲ್ಲಿ ಹುಳು ಸಾಕುವವರಲ್ಲಿ ಅವರೇ ಹಿರಿಯರು. ಕೂದಲೆಳೆಯಂಥ ಕುಂಚದ ತುದಿಯಲ್ಲಿ ಮೊಟ್ಟೆ ಒಡೆಯದಂತೆ ಎತ್ತುವುದು, ಹಿಕ್ಕೆ ನೋಡಿ ಮರಿಹುಳುವಿನ ಹೊಟ್ಟೆ ತುಂಬಿದೆಯೇ ಎಂದು ಹೇಳುವುದು, ದುಂಬಿಯನ್ನು ಅಂಗಾತ ಮಲಗಿಸಿ ಗಂಡು ಹೆಣ್ಣು ಗುರುತಿಸುವುದು, ಎಲ್ಲ ಅವರು ಕಲಿಸಿದ ವಿದ್ಯೆ. ನಾನು ಅವರ ಕೈಕೆಳಗೆ ಆರು ತಿಂಗಳಿಗೊಮ್ಮೆ ಮುಂದುವರಿಯುವ ತಾತ್ಕಾಲಿಕ ನೌಕರಳಾಗಿದ್ದೆ.

ಹಬ್ಬುಬಳ್ಳಿ ಎಂದು ನಾವು ಕರೆಯುವ ಕಳೆಯನ್ನು ಯಾರೋ ಚಂದಕ್ಕೆಂದು ಹೊರದೇಶದಿಂದ ತಂದು ನೆಟ್ಟಿದ್ದರಂತೆ. ಅದು ರೈಲುಹಳಿ, ಕಾಲುವೆ, ಶಾಲೆಯ ಗೋಡೆ ಯಾವುದನ್ನೂ ಬಿಡದೆ ಹೊದ್ದುಕೊಂಡಿತ್ತು. ಅದರ ತವರಿನಿಂದ ಅದನ್ನು ತಿನ್ನುವ ಕಂದು ದುಂಬಿಯನ್ನು ತರಿಸಿ, ಸಾಕಿ, ಸಂಖ್ಯೆ ಹೆಚ್ಚಿಸಿ ಹೊರಗೆ ಬಿಡುವುದು ನಮ್ಮ ಕೇಂದ್ರದ ಯೋಜನೆ. ಆ ದುಂಬಿ ಹಬ್ಬುಬಳ್ಳಿ ಬಿಟ್ಟು ಬೇರೆ ಯಾವ ಗಿಡವನ್ನೂ ಮುಟ್ಟುವುದಿಲ್ಲ ಎಂಬ ನಂಬಿಕೆಯ ಮೇಲೆ ಇಡೀ ಕಟ್ಟಡ ನಿಂತಿತ್ತು.

ಬೇಸಿಗೆಯಲ್ಲಿ ಎರಡು ಮೂರು ತಿಂಗಳು ಬಳ್ಳಿ ಒಣಗುತ್ತದೆ. ದುಂಬಿಗೆ ರಜೆ ಇಲ್ಲ, ಅದಕ್ಕೆ ದಿನಾ ಎಲೆ ಬೇಕು. ಬೀನ್ಸ್ ಹಬ್ಬುಬಳ್ಳಿಯ ದೂರದ ನೆಂಟ, ಅದರ ಎಲೆ ಹಾಕಿ, ಒಂದಷ್ಟಾದರೂ ಉಳಿದರೆ ಸಾಕು ಎಂದರು ನಿರ್ದೇಶಕರು. ಮೊದಲ ಬೇಸಿಗೆಯಲ್ಲಿ ನೂರು ಮರಿಹುಳುಗಳಲ್ಲಿ ತೊಂಬತ್ತನಾಲ್ಕು ಸತ್ತವು. ಸತ್ತವನ್ನು ಅತ್ತಿಗೆ ಗುಡಿಸಿ ಹಾಕಿದರು. ಬದುಕಿದ ಆರು ದುಂಬಿಗಳಾಗಿ, ಮಳೆ ಬಿದ್ದು ಬಳ್ಳಿ ಚಿಗುರಿದಾಗ ಅದಕ್ಕೆ ಮರಳಿ, ಮುಂದಿನ ವರ್ಷದ ಸಂತಾನಕ್ಕೆಲ್ಲ ತಾಯಿ ತಂದೆಯಾದವು. ಎರಡನೆಯ ಬೇಸಿಗೆಯಲ್ಲಿ ಸತ್ತವು ಎಂಬತ್ತೆಂಟು. ಐದನೆಯದರಲ್ಲಿ ಅರವತ್ತು. ಹನ್ನೊಂದನೆಯದರಲ್ಲಿ ಬರೀ ಹತ್ತೊಂಬತ್ತು. ಸಾವು ಇಷ್ಟು ತಗ್ಗಿದ್ದು ಅತ್ತಿಗೆಯ ಕೈಗುಣ ಎಂದು ಕೇಂದ್ರ ಅವರಿಗೆ ಅತ್ಯುತ್ತಮ ಸಾಕಣೆಯ ಪ್ರಶಸ್ತಿಪತ್ರ ಕೊಟ್ಟಿತು. ಹೂಗುಚ್ಛ ಹಿಡಿದ ಅವರ ಫೋಟೊ ಇದೆ. ಮುಖ ಮಾತ್ರ ಹಲ್ಲುನೋವು ಬಂದವರ ಹಾಗಿದೆ.

ಯಾಕೆಂದರೆ ಅಷ್ಟು ಹೊತ್ತಿಗೆ ಅವರಿಗೆ ವಿಷಯ ಅರ್ಥವಾಗಿತ್ತು. ಪ್ರಶಸ್ತಿ ಕೊಟ್ಟ ದಿನವೇ ನಿರ್ದೇಶಕರ ಕೋಣೆಗೆ ಹೋದರು. ನಾನೂ ಎಲೆಬುಟ್ಟಿ ಹಿಡಿದು ಹಿಂದೆ ನಿಂತಿದ್ದೆ. ನಾವು ವರ್ಷಾ ವರ್ಷಾ ಜರಡಿ ಹಿಡಿಯುತ್ತಿದ್ದೇವೆ, ಬೀನ್ಸ್ ಅರಗಿಸಿಕೊಳ್ಳಲಾಗದ್ದನ್ನು ಕೆಳಗೆ ಉದುರಿಸಿ ಅರಗಿಸಿಕೊಳ್ಳಬಲ್ಲದ್ದನ್ನು ಉಳಿಸಿಕೊಳ್ಳುತ್ತಿದ್ದೇವೆ, ಈಗ ಎರಡೂ ಎಲೆ ಒಟ್ಟಿಗೆ ಇಟ್ಟರೆ ಕೆಲವು ಹೆಣ್ಣುಗಳು ಹಬ್ಬುಬಳ್ಳಿಯನ್ನು ಬಿಟ್ಟು ಬೀನ್ಸಿನ ಮೇಲೇ ಮೊಟ್ಟೆ ಇಡುತ್ತಿವೆ ಎಂದು ಹೇಳಿದರು. ಮರಿಹುಳು ತನ್ನ ಗಿಡವನ್ನು ತಾನೇ ಆರಿಸಿಕೊಳ್ಳುವುದಿಲ್ಲ, ತಾಯಿ ಇಟ್ಟಲ್ಲೇ ಅದರ ಬಾಳು, ಆದ್ದರಿಂದ ತಾಯಂದಿರ ರುಚಿ ತಿರುಗಿದರೆ ಮುಗಿಯಿತು ಎಂದೂ ಹೇಳಿದರು. ನಿರ್ದೇಶಕರು ನಕ್ಕರು.

"ಹುಳುಗಳಿಗೆ ಅಷ್ಟೆಲ್ಲ ತಲೆ ಇರಲ್ಲಮ್ಮ."

"ತಲೆ ಬೇಕಾಗಿಲ್ಲ ಸಾರ್. ಸತ್ತಿದ್ದು ಮೊಟ್ಟೆ ಇಡಲ್ಲ, ಅಷ್ಟೆ."

ಆ ಮಾತನ್ನು ನಿರ್ದೇಶಕರು ಕ್ಷಮಿಸಲಿಲ್ಲ. ಪಕ್ಕದ ಕೋಣೆಯಲ್ಲಿ ಆಗಷ್ಟೇ ತವರಿನಿಂದ ಬಂದ ದುಂಬಿಗಳಿದ್ದವು. ಅವು ಒಂದು ದಿನವೂ ಬೀನ್ಸ್ ಕಂಡವಲ್ಲ. ಹೊರಗೆ ಬಿಡುವ ಮುನ್ನ ಮಾಡಬೇಕಾದ ಸುರಕ್ಷತೆಯ ಪರೀಕ್ಷೆ ನಡೆಸಿದ್ದು ಅವುಗಳ ಮೇಲೆ. ಅವು ಪಾಪ, ಹಬ್ಬುಬಳ್ಳಿಯನ್ನೇ ಹುಡುಕಿಕೊಂಡು ಹೋದವು. ಸುರಕ್ಷಿತ ಎಂಬ ಪ್ರಮಾಣಪತ್ರ ಸಿಕ್ಕಿತು. ಹೊರಗೆ ಬಿಟ್ಟದ್ದು ಮಾತ್ರ ನಮ್ಮ ಬೇಸಿಗೆಯ ತಳಿಯನ್ನು, ಸಂಖ್ಯೆ ಹೆಚ್ಚಿದ್ದದ್ದು ಅದರದೇ ಎಂಬ ಕಾರಣಕ್ಕೆ. ಎರಡೇ ವರ್ಷದಲ್ಲಿ ರೈಲುಹಳಿಯ ಆಚೆಗಿನ ಬೀನ್ಸ್ ಹೊಲಗಳು ಎಲುಬುಗೂಡಾದವು. ಎಲೆಯಲ್ಲಿ ನರ ಬಿಟ್ಟು ಇನ್ನೇನೂ ಉಳಿಯಲಿಲ್ಲ. ಬೆಳೆಗಾರರು ಒಣಗಿದ ಬಳ್ಳಿಗಳನ್ನು ತಂದು ಕೇಂದ್ರದ ಗೇಟಿಗೆ ಸುತ್ತಿ ಹೋದರು.

ಆಗ ಒಬ್ಬ ತಪ್ಪಿತಸ್ಥರು ಬೇಕಾದರು. ಬಾಗಿಲು ತೆರೆದಿತ್ತು, ಶುದ್ಧ ತಳಿಯೊಂದಿಗೆ ಬೇರೆ ತಳಿ ಬೆರೆತುಹೋಯಿತು ಎಂದು ಒಂದು ಕಾಗದ ಸಿದ್ಧವಾಯಿತು. ಕೆಳಗೆ ಕಣ್ಣಾರೆ ಕಂಡವರ ಸಹಿಗೆ ಜಾಗ. ಕಾಯಂ ಮಾಡಿಸುತ್ತೇನೆ ಎಂದರು ನಿರ್ದೇಶಕರು. ಇಲ್ಲವಾದರೆ ಆರು ತಿಂಗಳ ಆದೇಶ ಈ ಸಲ ಬರುವುದಿಲ್ಲ ಎಂಬುದನ್ನು ಬಾಯಿಬಿಟ್ಟು ಹೇಳಲಿಲ್ಲ, ಪೆನ್ನಿನ ಮುಚ್ಚಳ ತೆಗೆದು ಕೊಟ್ಟರು. ನಾನು ಅಣ್ಣನ ಮನೆಯ ಬಿಟ್ಟಿ ಅನ್ನದ ಭಯಕ್ಕೆ, ಆ ಅನ್ನ ಬಡಿಸುತ್ತಿದ್ದ ಕೈಯನ್ನೇ ಕತ್ತರಿಸಿದೆ. ಕಾಯಂ ಆಗಲಿಲ್ಲ. ಆರು ತಿಂಗಳ ಆದೇಶ ಮಾತ್ರ ತಪ್ಪದೆ ಬರುತ್ತಿತ್ತು, ನಾಯಿಗೆ ಹಾಕುವ ಬಿಸ್ಕತ್ತಿನ ಹಾಗೆ.

ಅತ್ತಿಗೆ ಅಳಲಿಲ್ಲ. ಒಂದು ವಾರ ಕಳೆದ ಮೇಲೆ ರೈಲುಹಳಿ ದಾಟಿ ಹೋಗಿ, ಹಾಳಾದ ಹೊಲದಿಂದ ಅರವತ್ತು ದುಂಬಿಗಳನ್ನು ಡಬ್ಬಿಯಲ್ಲಿ ಹಿಡಿದು ತಂದರು. ಅಣ್ಣ ದರ್ಜಿ. ಮನೆಯ ಹಿಂದಿನ ಕೋಣೆ ಅವನ ಹೊಲಿಗೆಯಂತ್ರದ್ದು. ಅದರಲ್ಲಿ ಅರ್ಧ ಜಾಗವನ್ನು ಅತ್ತಿಗೆ ಕಿತ್ತುಕೊಂಡರು. ಸೊಳ್ಳೆಪರದೆಯ ಬಟ್ಟೆಯಲ್ಲಿ ಉದ್ದನೆಯ ಚೀಲಗಳನ್ನು ಹೊಲಿದು ಕೊಡಿ ಎಂದರು, ಅವನು ಕೊಟ್ಟ. ಬೀನ್ಸ್ ಕುಂಡಗಳಿಗೆ ಆ ಚೀಲ ಹೊದಿಸಿ ಒಳಗೆ ದುಂಬಿ ಬಿಟ್ಟರು. ಯಾಕೆ ಎಂದು ಅಣ್ಣ ಕೇಳಿದ್ದಕ್ಕೆ, ಆ ಮನುಷ್ಯ ನನ್ನ ಹನ್ನೊಂದು ವರ್ಷದ ದಾಖಲೆ ಪುಸ್ತಕಗಳನ್ನು ಇಟ್ಟುಕೊಂಡಿದ್ದಾನೆ, ದುಂಬಿಗಳನ್ನು ಇಟ್ಟುಕೊಳ್ಳಲಾರ ಎಂದರಂತೆ. ಪುಸ್ತಕ ಸುಡಬಹುದು, ತಳಿ ತನ್ನ ಲೆಕ್ಕವನ್ನು ಮೈಯಲ್ಲೇ ಹೊತ್ತುಕೊಂಡಿರುತ್ತದೆ, ಒಂದು ದಿನ ಎಲ್ಲರೆದುರು ಅದನ್ನೇ ಕಕ್ಕಿಸುತ್ತೇನೆ ಎಂದರಂತೆ.

ಪ್ರತಿ ಚೀಲಕ್ಕೂ ಒಂದು ಚೀಟಿ ಅಂಟಿಸಿದರು. ಅದರಲ್ಲಿ ಬರೆದದ್ದು: ನಾದಿನಿ ಒಂದು, ನಾದಿನಿ ಎರಡು, ನಾದಿನಿ ಮೂರು. ಅಣ್ಣ ತಲೆ ಕೆರೆದುಕೊಂಡು, ಇದೇನು ಹೆಸರು ಎಂದು ಕೇಳಿದ. ಅತ್ತಿಗೆ ನನಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದರು.

"ಯಾರು ಎಲೆ ಹಾಕ್ತಾರೋ ಅವರ ಎಲೇನೇ ರುಚಿ ಅನ್ನೋ ಜಾತಿ ಇದು. ಇನ್ನೇನ್ ಹೆಸರಿಡ್ಲಿ?"

ಅಣ್ಣ ಯಂತ್ರದ ಮೇಲೆ ಬಗ್ಗಿ ಜೋರಾಗಿ ಪೆಡಲು ತುಳಿದ. ಪಾಪದವನು, ಮೂರು ವರ್ಷ ಇಬ್ಬರು ಹೆಂಗಸರ ನಡುವೆ ಅಂಚೆಯವನಾದ. ನಿಮ್ಮ ತಂಗಿಗೆ ಹೇಳಿ ಕುಂಡಕ್ಕೆ ನೀರು ಹಾಕಲಿ. ನಿಮ್ಮ ತಂಗಿಗೆ ಹೇಳಿ ನಾದಿನಿ ಹನ್ನೆರಡು ಮೊಟ್ಟೆ ಇಟ್ಟಿದೆಯಾ ನೋಡಲಿ. ನಾನು ಹೋಗಿ ನಾದಿನಿ ಹನ್ನೆರಡನ್ನು ನೋಡುತ್ತಿದ್ದೆ. ಐದಾರು ವಾರಕ್ಕೊಂದು ತಲೆಮಾರು. ಮೂರು ವರ್ಷದಲ್ಲಿ ಇಪ್ಪತ್ತೇಳು ತಲೆಮಾರು ನನ್ನ ಹೆಸರು ಹೊತ್ತು ಹುಟ್ಟಿ ಸತ್ತವು.

ಮೂರನೆಯ ವರ್ಷ ಬೆಳೆಗಾರರ ದೂರಿನ ಮೇಲೆ ಒಂದು ವಿಚಾರಣಾ ಸಮಿತಿ ಬಂತು. ಅಧ್ಯಕ್ಷೆ ನಿವೃತ್ತ ಸಸ್ಯಶಾಸ್ತ್ರದ ಮೇಡಂ, ಮಾತು ಕಡಿಮೆ, ಕನ್ನಡಕ ತೆಗೆದು ಒರೆಸುತ್ತ ಕೇಳಿಸಿಕೊಳ್ಳುವವರು. ಅತ್ತಿಗೆ ಸಮಿತಿಯ ಮುಂದೆ ಹನ್ನೊಂದು ಬೇಸಿಗೆಗಳ ಸಾವಿನ ಲೆಕ್ಕವನ್ನು ಬಾಯಿಪಾಠ ಒಪ್ಪಿಸಿ, ತಮ್ಮ ಚೀಲಗಳನ್ನು ತೋರಿಸಿದರು. ನಿರ್ದೇಶಕರದು ಸಿದ್ಧ ಉತ್ತರ. ಈಯಮ್ಮ ಮೂರು ವರ್ಷ ಮನೆಯಲ್ಲಿ ಬೀನ್ಸ್ ತಿನ್ನಿಸಿದ್ದಾರೆ, ಹುಳು ಬೀನ್ಸ್ ತಿನ್ನುತ್ತಿದೆ, ಇದು ಅಭ್ಯಾಸಬಲ, ಹುಟ್ಟುಗುಣವಲ್ಲ, ಹಾಗಾಗಿ ಇದು ಏನನ್ನೂ ಸಾಬೀತು ಮಾಡುವುದಿಲ್ಲ ಎಂದರು.

ಆ ಮಾತಿನಲ್ಲಿ ಹುರುಳಿತ್ತು. ಅದು ಅತ್ತಿಗೆಗೂ ಗೊತ್ತಿತ್ತು. ಎಳೆಯದರಲ್ಲಿ ಉಂಡದ್ದರ ವಾಸನೆಯನ್ನು ದೊಡ್ಡದಾದ ಮೇಲೂ ಹುಡುಕುವ ಹುಳುಗಳಿವೆ. ಹಾಗಾದರೆ ಒಂದು ಇಡೀ ತಲೆಮಾರಿಗೆ ಬೀನ್ಸಿನ ಗಾಳಿಯನ್ನೂ ಸೋಕಿಸದೆ ಹಬ್ಬುಬಳ್ಳಿಯಲ್ಲೇ ಸಾಕಿ, ಆಮೇಲೆ ಎರಡೂ ಎಲೆ ಮುಂದಿಟ್ಟು ನೋಡೋಣ ಎಂದರು ಅಧ್ಯಕ್ಷೆ. ಕೇಂದ್ರದಲ್ಲೇ ಸಾಕಬೇಕು. ಅತ್ತಿಗೆಗೆ ಒಳಗೆ ಪ್ರವೇಶವಿಲ್ಲ. ಕೋಣೆಯ ಬೀಗದ ಕೈ ಯಾರ ಹತ್ತಿರ ಇರಬೇಕು ಎಂಬ ಪ್ರಶ್ನೆ ಬಂದಾಗ ನಿರ್ದೇಶಕರೇ ನನ್ನ ಹೆಸರು ಸೂಚಿಸಿದರು. ಈಕೆ ಸತ್ಯ ಹೇಳಿದ ಹೆಣ್ಣುಮಗಳು, ಸ್ವಂತ ಅತ್ತಿಗೆ ಎಂದೂ ನೋಡಲಿಲ್ಲ ಎಂದು ಹೊಗಳಿದರು. ಅತ್ತಿಗೆ ಆಕ್ಷೇಪಿಸುತ್ತಾರೆ ಎಂದುಕೊಂಡೆ. ಅವರು ಒಪ್ಪಿಗೆ ಎಂದರು. ನನ್ನನ್ನು ನಂಬಿ ಒಪ್ಪಿದವರ ಮುಖ ಅದಾಗಿರಲಿಲ್ಲ. ಬೋನಿಗೆ ಇಲಿ ತಾನಾಗಿ ನಡೆದು ಬರುವುದನ್ನು ನೋಡುವವರ ಮುಖ.

ಆರುನೂರು ಮೊಟ್ಟೆಗಳನ್ನು ಬೀನ್ಸ್ ಎಲೆಯಿಂದ ಕುಂಚದಲ್ಲಿ ಎತ್ತಿ, ನೀರಿನಲ್ಲಿ ತೊಳೆದು, ಹಬ್ಬುಬಳ್ಳಿಯ ಎಲೆಯ ಮೇಲೆ ಕೂರಿಸಿದೆ. ಒಡೆದು ಬಂದ ಮರಿಯ ಮೊದಲ ತುತ್ತೇ ಬಳ್ಳಿಯದಾಗಬೇಕಿತ್ತು. ಇಪ್ಪತ್ತೇಳು ತಲೆಮಾರು ಬಳ್ಳಿಯ ಮುಖ ನೋಡದವು, ಅಜ್ಜಿಯ ಅಜ್ಜಿ ತಿನ್ನುತ್ತಿದ್ದ ಎಲೆಯನ್ನು ಕಚ್ಚಿ ಮುಖ ತಿರುಗಿಸಿದವು. ಮೊದಲ ವಾರ ದಿನಕ್ಕೆ ನಲವತ್ತು ಐವತ್ತು ಸತ್ತವು. ನಾನು ಸಂಜೆ ಮನೆಗೆ ಬಂದು ಗೋಡೆಗೆ ಸಾವಿನ ಸಂಖ್ಯೆ ಹೇಳುತ್ತಿದ್ದೆ, ಅಣ್ಣ ಅದನ್ನು ಅತ್ತಿಗೆಗೆ ಹೇಳುತ್ತಿದ್ದ. ಅವರು ಬೆರಳು ಮಡಿಸುತ್ತಿದ್ದರು. ಅವರ ಹೆದರಿಕೆ ನನಗೆ ಅರ್ಥವಾಗುತ್ತಿತ್ತು. ಸಾಯದೆ ಉಳಿಯುವವು ಬಳ್ಳಿಯನ್ನು ಒಗ್ಗಿಸಿಕೊಳ್ಳಬಲ್ಲವು. ಅಂದರೆ ಈ ಪರೀಕ್ಷೆಯೇ ಇನ್ನೊಂದು ಜರಡಿ. ಹದಿನಾರು ವರ್ಷ ಒಂದು ಕಡೆಗೆ ಅಲ್ಲಾಡಿಸಿದ ಜರಡಿಯನ್ನು ಒಂದೇ ತಲೆಮಾರಿಗೆ ತಿರುಗಿಸಿ ಹಿಡಿದರೆ ಎಷ್ಟು ಉದುರೀತು, ಎಷ್ಟು ಉಳಿದೀತು, ಅವರಿಗೂ ಗೊತ್ತಿರಲಿಲ್ಲ.

ಕೊನೆಗೆ ತೊಂಬತ್ತೇಳು ದುಂಬಿಗಳಾದವು. ಹೆಣ್ಣು ನಲವತ್ತಾರು. ಬೇಕಾಗಿದ್ದುದು ನಲವತ್ತು. ಒಂದೊಂದು ಹೆಣ್ಣಿಗೆ ಒಂದೊಂದು ಡಬ್ಬಿ, ಒಳಗೆ ಎಡಕ್ಕೆ ಹಬ್ಬುಬಳ್ಳಿಯ ಎಲೆ, ಬಲಕ್ಕೆ ಬೀನ್ಸ್ ಎಲೆ, ಮರುದಿನ ಅದಲುಬದಲು. ಚೀಟಿಗಳ ಮೇಲೆ ತಳಿಯ ಹೆಸರು ಬರೆಯಬೇಕೆಂದು ನಿಯಮ. ಸಮಿತಿಯ ಎದುರು ನಾನೇ ಬರೆದೆ, ನಾದಿನಿ ಒಂದರಿಂದ ನಲವತ್ತರವರೆಗೆ. ಅಧ್ಯಕ್ಷೆ ಓದಿ ಹುಬ್ಬೇರಿಸಿದರು. ಇದು ಯಾರ ಹೆಸರು ಎಂದು ಕೇಳಿದ್ದಕ್ಕೆ ನನ್ನದೇ ಎಂದೆ. ಅವರು ಕನ್ನಡಕ ಒರೆಸಿಕೊಂಡರು.

ಮೂರನೆಯ ಬೆಳಗ್ಗೆ ಹತ್ತು ಗಂಟೆಗೆ ಎಣಿಕೆ. ಹಿಂದಿನ ಸಂಜೆ ಅತ್ತಿಗೆ ತರಕಾರಿ ಹೆಚ್ಚುತ್ತಿದ್ದವರು ಚಾಕು ಕೆಳಗಿಟ್ಟರು. ಅಣ್ಣ ಅಂಗಡಿಗೆ ಹೋಗಿದ್ದ. ಮನೆಯಲ್ಲಿ ಗೋಡೆಯ ಹೊರತು ಬೇರೆ ಯಾರೂ ಇರಲಿಲ್ಲ. ಅವರು ಗೋಡೆಯನ್ನು ನೋಡಲಿಲ್ಲ, ನನ್ನನ್ನು ನೋಡಿದರು.

"ಆ ನಿರ್ದೇಶಕ ನಾಳೆ ನಿನ್ನ ಹತ್ರ ಬಂದೇ ಬರ್ತಾನೆ. ನೀನೇನ್ ಮಾಡ್ತೀಯ ಅಂತ ನಾನು ಕೇಳಲ್ಲ. ಒಂದ್ಸಲ ಮಾರ್ಕೊಂಡೋಳು ಇನ್ನೊಂದ್ಸಲ ಮಾರ್ಕೊಂಡ್ರೆ ನನಗೇನ್ ಆಶ್ಚರ್ಯ ಇಲ್ಲ."

"ಹಾಗಾದ್ರೆ ನನ್ನ ಕೈಗೆ ಬೀಗದ ಕೈ ಕೊಡೋದಕ್ಕೆ ಯಾಕ್ ಒಪ್ಕೊಂಡ್ರಿ ಅತ್ತಿಗೆ?"

"ನೀನು ಅದನ್ನ ಎರಡನೇ ಸಲ ಮಾಡೋದನ್ನ ಊರೇ ನೋಡ್ಲಿ ಅಂತ. ಮೊದಲ್ನೇ ಸಲ ಹೆದ್ರಿದ್ಲು ಅಂತ ನಿಮ್ಮಣ್ಣ ಈಗ್ಲೂ ಹೇಳ್ತಾರೆ. ಆಮೇಲೆ ಹೇಳೋದಕ್ಕೆ ಅವ್ರಿಗೂ ಬಾಯಿ ಇರಲ್ಲ."

ಮತ್ತೆ ಚಾಕು ಕೈಗೆತ್ತಿಕೊಂಡರು. ಮೂರು ವರ್ಷದ ಮೇಲೆ ನನಗೆ ಸಿಕ್ಕ ಮಾತು ಅದು. ನಾನು ಅಳುತ್ತೇನೆಂದು ನನಗೇ ಅನ್ನಿಸಿತ್ತು. ಅಳು ಬರಲಿಲ್ಲ. ಕಿವಿಯ ಬುಡ ಬಿಸಿಯಾಯಿತು. ಈ ಹೆಂಗಸಿಗೆ ನಿರ್ದೇಶಕರನ್ನು ಕೆಡವಿದರೆ ಸಾಲದು, ನಾನೂ ಕೆಳಗೇ ಬಿದ್ದಿರಬೇಕು. ಗೆದ್ದರೆ ತಳಿ ಗೆದ್ದಿತು ಎನ್ನುತ್ತಾರೆ, ಸೋತರೆ ನಾದಿನಿ ಮಾರಿದಳು ಎನ್ನುತ್ತಾರೆ. ಎರಡರಲ್ಲೂ ಅವರಿಗೆ ಊಟ ಇದೆ. ಆ ಊಟದಲ್ಲಿ ಅರ್ಧವನ್ನಾದರೂ ಕಿತ್ತುಕೊಳ್ಳಬೇಕೆಂಬ ಹಟ ನನಗೆ ಅಲ್ಲೇ ಹುಟ್ಟಿತು. ಅದನ್ನು ಪಶ್ಚಾತ್ತಾಪ ಎಂದು ಕರೆದು ನನಗೆ ನಾನೇ ಹೂಮಾಲೆ ಹಾಕಿಕೊಳ್ಳುವುದಿಲ್ಲ.

ಬೆಳಗ್ಗೆ ಒಂಬತ್ತಕ್ಕೆ ಬೀಗ ತೆಗೆದೆ. ಕಿಟಕಿಯ ಬೆಳಕಿನಲ್ಲಿ ಡಬ್ಬಿಗಳನ್ನು ಒಂದೊಂದಾಗಿ ಎತ್ತಿ, ತಳದಿಂದ ನೋಡಿದೆ. ದುಂಬಿ ಎಲೆಯ ಅಡಿಗೆ ಮೊಟ್ಟೆ ಇಡುತ್ತದೆ, ಅರಿಶಿನದ ಬಣ್ಣದ ಸಣ್ಣ ಗುಂಪು, ಒಂದಕ್ಕೊಂದು ಆತು ನೆಟ್ಟಗೆ ನಿಂತಿರುತ್ತವೆ. ನಾದಿನಿ ಒಂದು, ಬೀನ್ಸ್. ಎರಡು, ಬೀನ್ಸ್. ಮೂರು, ಹಬ್ಬುಬಳ್ಳಿ. ನಾಲ್ಕು, ಬೀನ್ಸ್. ಹುಟ್ಟಿದಾಗಿನಿಂದ ಬೀನ್ಸನ್ನು ಕಣ್ಣಿಂದಲೂ ಕಾಣದ ಹೆಣ್ಣುಗಳು, ತಮ್ಮನ್ನು ಸಾಕಿದ ಎಲೆಯನ್ನು ದಾಟಿ, ಗೊತ್ತಿಲ್ಲದ ಎಲೆಗೆ ಹೋಗಿ ತಮ್ಮ ಮಕ್ಕಳನ್ನು ಇಟ್ಟಿದ್ದವು. ನಲವತ್ತರಲ್ಲಿ ಮೂವತ್ತಮೂರು. ಹನ್ನೊಂದು ಬೇಸಿಗೆಗಳಲ್ಲಿ ಅತ್ತಿಗೆ ಗುಡಿಸಿ ಹಾಕಿದ ಹೆಣಗಳೆಲ್ಲ ಸಾಲಾಗಿ ಎದ್ದು ಬಂದು ಸಾಕ್ಷಿ ಹೇಳಿದ ಹಾಗಿತ್ತು.

ಒಂಬತ್ತೂಕಾಲಿಗೆ ನಿರ್ದೇಶಕರು ಬಂದರು. ಕೈಯಲ್ಲಿ ಬಟ್ಟೆ ಮುಚ್ಚಿದ ದೊಡ್ಡ ಟ್ರೇ. ಬಟ್ಟೆ ಸರಿಸದೆಯೇ ನನಗೆ ಗೊತ್ತಾಯಿತು. ಅದೇ ಬಗೆಯ ನಲವತ್ತು ಡಬ್ಬಿಗಳು, ನನ್ನ ಅಕ್ಷರವನ್ನು ನಕಲು ಮಾಡಿದ ನಲವತ್ತು ಚೀಟಿಗಳು, ಒಳಗೆ ತವರಿನ ಶುದ್ಧ ತಳಿ. ಅವರು ಟ್ರೇಯನ್ನು ಮೇಜಿನ ಮೇಲಿಟ್ಟು, ನನ್ನ ಡಬ್ಬಿಗಳಲ್ಲಿ ಒಂದನ್ನು ಎತ್ತಿ ಅಡಿಗೆ ಇಣುಕಿದರು. ಇನ್ನೊಂದನ್ನು ಎತ್ತಿದರು. ಮೂರನೆಯದನ್ನು ಎತ್ತಲಿಲ್ಲ.

ಬೈಯಲಿಲ್ಲ. ತಂದೆಯ ಹಾಗೆ ಮಾತಾಡಿದರು. ನಿನ್ನ ಕಾಯಂ ಆದೇಶ ಟೈಪಾಗಿ ಮೇಜಿನ ಮೇಲಿದೆ ಎಂದರು. ನೀನೇನೂ ಮಾಡಬೇಕಾಗಿಲ್ಲ, ನಿನ್ನ ಕೈಗೆ ಮಣ್ಣಾಗುವುದು ನನಗೂ ಇಷ್ಟವಿಲ್ಲ ಎಂದರು. ನಾನು ಟ್ರೇಯನ್ನೇ ನೋಡುತ್ತಿದ್ದುದನ್ನು ಕಂಡು ದನಿ ಇಳಿಸಿದರು. ಈ ಪರೀಕ್ಷೆ ಕೆಟ್ಟರೆ ಹಳೆಯ ಕಡತ ತೆರೆಯುತ್ತದೆ, ಸುಳ್ಳುಸಾಕ್ಷಿ ಹೇಳಿದವಳು ಯಾರು ಎಂದು ಮೊದಲು ನಿನ್ನ ಹೆಸರೇ ಬರುತ್ತದೆ, ಕೆಲಸ ಹೋಗುತ್ತದೆ, ಕಟಕಟೆ ಹತ್ತುತ್ತೀಯ, ಅತ್ತಿಗೆ ಮನೆಯೊಳಗೂ ಸೇರಿಸುವುದಿಲ್ಲ ಎಂದರು. ಎಲ್ಲ ನಿಜವೇ.

"ಬರ್ಲಿ ಸಾರ್. ಯಾರು ಬರೆದ್ರು, ಯಾರು ಪೆನ್ ಕೊಟ್ರು, ಅದನ್ನೂ ಅಲ್ಲೇ ಹೇಳ್ತೀನಿ."

ಅವರು ನನ್ನನ್ನು ಮೊದಲ ಸಲ ನೋಡುವವರಂತೆ ನೋಡಿದರು. ಗಡಿಯಾರ ನೋಡಿದರು. ಒಂಬತ್ತೂವರೆ. ಗೇಟಿನ ಹೊರಗೆ ಅತ್ತಿಗೆ ನಿಂತಿರುವುದು ಕಿಟಕಿಯಿಂದ ಕಾಣುತ್ತಿತ್ತು. ಬಿಸಿಲಿಗೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಈ ಕಡೆಯೇ ನೋಡುತ್ತಿದ್ದರು, ನಾನು ಸೋಲುವುದನ್ನು ಕಣ್ತುಂಬಿಕೊಳ್ಳಲು ಬಂದವರ ಹಾಗೆ.

"ಹೋಗು," ಎಂದರು ನಿರ್ದೇಶಕರು. "ಕ್ಯಾಂಟೀನಿಗೆ ಹೋಗಿ ಒಂದು ಟೀ ಕುಡಿದು ಬಾ. ಹತ್ತು ನಿಮಿಷ ಸಾಕು. ಇಷ್ಟೇ ನಾನ್ ನಿನ್ನ ಹತ್ರ ಕೇಳ್ತಿರೋದು."

ನಾನು ಸ್ಟೂಲನ್ನು ಎಳೆದು, ನನ್ನ ಡಬ್ಬಿಗಳಿಗೂ ಅವರ ಟ್ರೇಗೂ ನಡುವೆ ಹಾಕಿಕೊಂಡು ಕೂತೆ.

"ಹೋಗು ಅಂದೆ. ಇದು ಆದೇಶ."

"ಗೊತ್ತು ಸಾರ್," ಎಂದೆ. "ಹೋಗಲ್ಲ."